ಟಿ.ವಿ.ಗೂ ನೌಕಾಪಡೆಗೂ ಒಂದೇ ಚಾಸಿ: ಉಪಗ್ರಹದ ಮಾಡೆಲ್‌ಗಳ ಒಳಗೇನಿದೆ?

2025ರ ನವೆಂಬರ್ 2ರ ಭಾನುವಾರ ಸಂಜೆ ಶ್ರೀಹರಿಕೋಟಾದಿಂದ ಸಿಎಂಎಸ್-03 ಅನ್ನೋ ಉಪಗ್ರಹ ಹಾರಿತು. ತೂಕ ಸುಮಾರು 4,410 ಕೆ.ಜಿ. ನೌಕಾಪಡೆಯ ಸಂಪರ್ಕಕ್ಕಾಗಿ ಮಾಡಿದ್ದು ಅಂತ ಸುದ್ದಿ ಬಂತು. ಆಮೇಲೆ ಮೈಸೂರಿನಲ್ಲಿ ನನಗೆ ಪರಿಚಯದವರು ಕೇಳಿದ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ನಮ್ಮ ಮನೆ ಟಿ.ವಿ.ಗೆ ಚಾನೆಲ್ ಕಳಿಸೋ ಸ್ಯಾಟಲೈಟೂ ಇದೂ ಒಂದೇನಾ, ಬೇರೆಬೇರೇನಾ? ಇಂಥದ್ದನ್ನೆಲ್ಲ ಸರ್ಕಾರವೇ ಮಾಡುತ್ತಾ, ಕಂಪನಿಗಳೂ ಮಾಡಿ ಮಾರುತ್ತವಾ?

ಕಂಪನಿಗಳೂ ಮಾಡುತ್ತವೆ. ಕಾರು ಕಂಪನಿಗಳ ಹಾಗೇ ಅವರ ಹತ್ತಿರ ಮಾಡೆಲ್‌ಗಳ ಪಟ್ಟಿ ಇರುತ್ತದೆ. ಟಿ.ವಿ. ಕಂಪನಿಗೆ ಮಾರಿದ ಮಾಡೆಲನ್ನೇ ಸೇನೆಗೂ ಮಾರುತ್ತಾರೆ. ವ್ಯತ್ಯಾಸ ಎಲ್ಲಿದೆ ಅಂತ ತಿಳಿಯಬೇಕಾದರೆ ಉಪಗ್ರಹವನ್ನು ಎರಡು ತುಂಡಾಗಿ ನೋಡಬೇಕು.

ಕೆಳಗೆ ಚಾಸಿ, ಮೇಲೆ ಬಾಡಿ

ಲಾರಿ ಹೇಗೆ ತಯಾರಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಕಂಪನಿಯಿಂದ ಬರುವುದು ಬರೀ ಚಾಸಿ: ಎಂಜಿನ್, ಗೇರ್, ಚಕ್ರ, ಡೀಸೆಲ್ ಟ್ಯಾಂಕು, ಸ್ಟೇರಿಂಗು. ಅದರ ಮೇಲೆ ಬಾಡಿ ಕಟ್ಟಿಸುವುದು ಕೊಂಡವರ ಅಗತ್ಯ ನೋಡಿಕೊಂಡು. ಒಂದೇ ಚಾಸಿ ಮಂಡ್ಯದಲ್ಲಿ ಕಬ್ಬು ಹೊರುವ ಲಾರಿ ಆಗಬಹುದು, ಗೆಜ್ಜಲಗೆರೆ ಡೈರಿಗೆ ಹಾಲು ತರುವ ಟ್ಯಾಂಕರ್ ಆಗಬಹುದು, ಸರಸ್ವತಿಪುರಂ ಅಗ್ನಿಶಾಮಕ ಠಾಣೆಯಲ್ಲಿ ನಿಂತಿರುವ ಕೆಂಪು ಗಾಡಿಯೂ ಆಗಬಹುದು. ಮೊದಲ ಎರಡು ವ್ಯಾಪಾರದ್ದು, ಮೂರನೆಯದು ಸರ್ಕಾರದ್ದು. ಆದರೂ ಮೂರರ ಅಡಿಯಲ್ಲೂ ಅದೇ ಎಂಜಿನ್ನು.

ಉಪಗ್ರಹವೂ ಹಾಗೇ. ಚಾಸಿ ಭಾಗವನ್ನು ಎಂಜಿನಿಯರುಗಳು ಬಸ್ ಅಥವಾ ಪ್ಲಾಟ್‌ಫಾರ್ಮ್ ಅಂತಾರೆ, ಬಾಡಿ ಭಾಗವನ್ನು ಪೇಲೋಡ್ ಅಂತಾರೆ. ನಾನಿಲ್ಲಿ ಚಾಸಿ, ಪೇಲೋಡ್ ಅಂತಲೇ ಬರೆಯುತ್ತೇನೆ.

ಚಾಸಿಯ ಕೆಲಸ ಉಪಗ್ರಹವನ್ನು ಬದುಕಿಸುವುದು. ಬಿಸಿಲಿನಿಂದ ಕರೆಂಟು ಮಾಡುವ ಸೌರಫಲಕಗಳು ಅದರಲ್ಲಿರುತ್ತವೆ. ಭೂಮಿಯ ನೆರಳು ಬಿದ್ದಾಗ ಬೇಕಾಗುವ ಬ್ಯಾಟರಿ ಇರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಎತ್ತರದ ಉಪಗ್ರಹಗಳು ದಿನಕ್ಕೆ ಹೆಚ್ಚೆಂದರೆ 70 ನಿಮಿಷದಷ್ಟು ಹೊತ್ತು ನೆರಳಲ್ಲಿರುತ್ತವೆ. ಆಗ ಬ್ಯಾಟರಿಯೇ ಗತಿ. ಜಾಗ ಬಿಟ್ಟು ಜಾರದಂತೆ ತಳ್ಳಲು ಸಣ್ಣ ಸಣ್ಣ ಎಂಜಿನ್ನು, ಅದಕ್ಕೆ ಇಂಧನ, ಮುಖ ಭೂಮಿಯ ಕಡೆಗೇ ಇರುವಂತೆ ನೋಡಿಕೊಳ್ಳುವ ತಿರುಗುವ ಚಕ್ರಗಳು, ಎಲ್ಲವನ್ನೂ ಆಳುವ ಕಂಪ್ಯೂಟರು. ಒಂದು ಮೈ ಬಿಸಿಲಿಗೆ ಕಾದು ಇನ್ನೊಂದು ಮೈ ನೆರಳಲ್ಲಿ ಹೆಪ್ಪುಗಟ್ಟದಂತೆ ಶಾಖವನ್ನು ಹಂಚುವ ಕೊಳವೆಗಳೂ ಇರುತ್ತವೆ.

ಪೇಲೋಡ್ ಅಂದರೆ ಉಪಗ್ರಹ ಮೇಲೆ ಹೋಗಿದ್ದೇ ಯಾವುದಕ್ಕೋ ಅದು. ಹವಾಮಾನದ ಉಪಗ್ರಹಕ್ಕೆ ಅದು ಮೋಡದ ಫೋಟೋ ತೆಗೆಯುವ ಉಪಕರಣ, ದಾರಿ ತೋರಿಸುವ ಉಪಗ್ರಹಕ್ಕೆ ಅತ್ಯಂತ ನಿಖರ ಗಡಿಯಾರ. ಟಿ.ವಿ. ಮತ್ತು ಫೋನಿನ ಉಪಗ್ರಹಕ್ಕಾದರೆ ಟ್ರಾನ್ಸ್‌ಪಾಂಡರ್. ನೆಲದಿಂದ 36,000 ಕಿಲೋಮೀಟರ್ ಏರಿ ಬಂದು ಸೊರಗಿಹೋದ ಸಿಗ್ನಲನ್ನು ಅದು ಹಿಡಿಯುತ್ತದೆ, ಫ್ರೀಕ್ವೆನ್ಸಿ ಬದಲಿಸುತ್ತದೆ, ಜೋರು ಮಾಡಿ ವಾಪಸ್ ಕೆಳಗೆ ಕಳಿಸುತ್ತದೆ. ಫ್ರೀಕ್ವೆನ್ಸಿ ಯಾಕೆ ಬದಲಿಸಬೇಕು? ಬದಲಿಸದಿದ್ದರೆ ಉಪಗ್ರಹ ತಾನು ಕಳಿಸಿದ್ದನ್ನು ತಾನೇ ಕೇಳಿಸಿಕೊಂಡು, ನೆಲದಿಂದ ಬರುವ ಕ್ಷೀಣ ಸಿಗ್ನಲ್ ಅದಕ್ಕೆ ಕಿವಿಗೇ ಬೀಳುವುದಿಲ್ಲ.

36,000 ಕಿಲೋಮೀಟರ್ ಯಾಕೆ ಅಂತಲೂ ಇಲ್ಲೇ ಹೇಳಿಬಿಡುತ್ತೇನೆ. ಸಮಭಾಜಕ ವೃತ್ತದ ಮೇಲೆ ಆ ಎತ್ತರದಲ್ಲಿ ಒಂದು ಸುತ್ತಿಗೆ ಒಂದು ದಿನ ಬೇಕು. ಭೂಮಿಯೂ ಅಷ್ಟೇ ಹೊತ್ತಿಗೆ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ಕೆಳಗಿನಿಂದ ನೋಡಿದರೆ ಉಪಗ್ರಹ ನಿಂತಲ್ಲೇ ನಿಂತಿರುತ್ತದೆ. ತಾರಸಿ ಮೇಲಿನ ಡಿಶ್ಶನ್ನು ಒಂದು ಸಲ ತಿರುಗಿಸಿ ಬಿಗಿದರೆ ಸಾಕಾಗುವುದು ಇದಕ್ಕೇ.

ಪ್ರತಿ ಸಲ ಹೊಸದಾಗಿ ಯಾಕೆ ಮಾಡಲ್ಲ?

ಲಾರಿ ರಸ್ತೆಯಲ್ಲಿ ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ. 36,000 ಕಿಲೋಮೀಟರ್ ಮೇಲೆ ಯಾರೂ ಬರುವುದಿಲ್ಲ. ಹೋದ ಗಳಿಗೆಯಿಂದ 12ರಿಂದ 15 ವರ್ಷ ರಿಪೇರಿ ಇಲ್ಲದೆ ನಡೆಯಬೇಕು. ಆದ್ದರಿಂದ ಪ್ರತಿ ಬಿಡಿಭಾಗವನ್ನೂ ನಡುಗಿಸಿ, ಕಾಯಿಸಿ, ತಣಿಸಿ, ಗಾಳಿಯಿಲ್ಲದ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಈ ಪರೀಕ್ಷೆಗೆ ತಗಲುವ ಹೊತ್ತು, ದುಡ್ಡು ಎರಡೂ ಜಾಸ್ತಿ.

ಒಮ್ಮೆ ಪರೀಕ್ಷೆಯಲ್ಲಿ ಗೆದ್ದ ಚಾಸಿಯನ್ನೇ ಮತ್ತೆ ಮತ್ತೆ ಬಳಸಿದರೆ ಆ ಖರ್ಚು ಹಂಚಿಹೋಗುತ್ತದೆ. ವಿಮೆ ಕಂಪನಿಗಳಿಗೂ ಇದೇ ಇಷ್ಟ. ಈಗಾಗಲೇ ಹಾರಿ ಗೆದ್ದ ಮಾಡೆಲ್‌ಗೆ ಅವರು ಕೇಳುವ ಕಂತು ಹೊಸ ಮಾಡೆಲ್‌ಗಿಂತ ಕಮ್ಮಿ. ಹೀಗಾಗಿ ದೊಡ್ಡ ತಯಾರಕರೆಲ್ಲರಿಗೂ ತಮ್ಮದೇ ಚಾಸಿಗಳಿವೆ: ಅಮೆರಿಕದ ಲಾಕ್‌ಹೀಡ್ ಮಾರ್ಟಿನ್‌ಗೆ ಎ2100, ಯುರೋಪಿನ ಏರ್‌ಬಸ್‌ಗೆ ಯೂರೋಸ್ಟಾರ್, ಥೇಲ್ಸ್ ಅಲೇನಿಯಾಗೆ ಸ್ಪೇಸ್‌ಬಸ್. ಬೋಯಿಂಗ್ ಅಂದರೆ ನಮಗೆ ವಿಮಾನ. ಆದರೆ ಉಪಗ್ರಹದಲ್ಲೂ ಅದರ ಮನೆತನ ತುಂಬಾ ಹಳೆಯದು. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಬೋಯಿಂಗ್ ಮನೆತನ: ಡೋಲಿನಿಂದ ರೆಕ್ಕೆಯವರೆಗೆ

ಈ ಮನೆತನ ಶುರುವಾಗಿದ್ದು ಹ್ಯೂಸ್ ಅನ್ನೋ ಕಂಪನಿಯಲ್ಲಿ, ಲಾಸ್ ಏಂಜಲೀಸ್ ಹತ್ತಿರ. ಅಲ್ಲಿನ ಹೆರಾಲ್ಡ್ ರೋಸೆನ್ ತಂಡ ಮಾಡಿದ ಸಿಂಕಾಮ್-2 ಉಪಗ್ರಹ 1963ರಲ್ಲಿ ಭೂಮಿಯ ವೇಗಕ್ಕೆ ಸರಿಸಾಟಿಯಾಗಿ ಸುತ್ತಿದ ಮೊದಲನೆಯದು. ಮರುವರ್ಷ ಸಿಂಕಾಮ್-3 ಟೋಕಿಯೋ ಒಲಿಂಪಿಕ್ಸ್‌ನ ದೃಶ್ಯಗಳನ್ನು ಪೆಸಿಫಿಕ್ ಸಾಗರ ದಾಟಿಸಿತು. 1965ರಲ್ಲಿ ಬಂದ ಅರ್ಲಿ ಬರ್ಡ್ ಮೊದಲ ವಾಣಿಜ್ಯ ಸಂಪರ್ಕ ಉಪಗ್ರಹ. ಒಂದು ಹೊತ್ತಿಗೆ 240 ಫೋನ್ ಕರೆ, ಇಲ್ಲವೇ ಒಂದೇ ಒಂದು ಟಿ.ವಿ. ಚಾನೆಲ್, ಅದರ ಶಕ್ತಿ ಅಷ್ಟೇ. ಹ್ಯೂಸ್‌ನ ಉಪಗ್ರಹ ವಿಭಾಗವನ್ನು 2000ದಲ್ಲಿ ಬೋಯಿಂಗ್ ಕೊಂಡುಕೊಂಡಿತು.

ಇವರ ಮೊದಲ ದೊಡ್ಡ ಯಶಸ್ಸು ಎಚ್‌ಎಸ್-376. ನೋಡಲು ಡೋಲಿನ ಆಕಾರ. ಮೈಯೆಲ್ಲ ಸೌರಕೋಶ ಹೊದ್ದುಕೊಂಡು ತನ್ನ ಸುತ್ತ ತಾನೇ ತಿರುಗುತ್ತಿತ್ತು. ತಿರುಗುವ ವಸ್ತು ಸುಲಭಕ್ಕೆ ವಾಲುವುದಿಲ್ಲ, ಅದರ ಉಪಾಯ ಅದೇ. ಮೇಲಿದ್ದ ಆಂಟೆನಾ ಮಾತ್ರ ಎದುರು ದಿಕ್ಕಿಗೆ ತಿರುಗಿಸಿದ ಹಾಗಿದ್ದು, ಯಾವಾಗಲೂ ಭೂಮಿಯನ್ನೇ ನೋಡುತ್ತಿತ್ತು. ಇಂಥ 50ಕ್ಕೂ ಹೆಚ್ಚು ಉಪಗ್ರಹಗಳು ಮಾರಾಟವಾದವು.

ಅವುಗಳಲ್ಲಿ ಒಂದರ ಕತೆ ನಮ್ಮ ಬೀದಿಗಳಿಗೆ ನೇರವಾಗಿ ಸಂಬಂಧಪಟ್ಟದ್ದು, ಸ್ವಲ್ಪ ನಿಂತು ಕೇಳಿ. 1984ರ ಫೆಬ್ರವರಿಯಲ್ಲಿ ವೆಸ್ಟಾರ್-6 ಅನ್ನೋ ಎಚ್‌ಎಸ್-376 ಉಪಗ್ರಹವನ್ನು ಅಮೆರಿಕದ ಸ್ಪೇಸ್ ಶಟಲ್ ಬಾಹ್ಯಾಕಾಶಕ್ಕೆ ಒಯ್ದು ಬಿಟ್ಟಿತು. ಅಲ್ಲಿಂದ ಮೇಲಕ್ಕೆ ಒಯ್ಯಬೇಕಿದ್ದ ರಾಕೆಟ್ ಮೋಟಾರ್ ಕೈಕೊಟ್ಟಿತು. ಉಪಗ್ರಹ ಚೆನ್ನಾಗೇ ಇತ್ತು, ಆದರೆ ಯಾವ ಕೆಲಸಕ್ಕೂ ಬಾರದ ಕೆಳಗಿನ ಕಕ್ಷೆಯಲ್ಲಿ ಸುಮ್ನೆ ಸುತ್ತುತ್ತಿತ್ತು. ಜೊತೆಗೆ ಬಿಟ್ಟ ಇಂಡೋನೇಷ್ಯಾದ ಪಾಲಪಾ ಬಿ-2ಗೂ ಅದೇ ಗತಿ. ಅದೇ ವರ್ಷ ನವೆಂಬರ್‌ನಲ್ಲಿ ಡಿಸ್ಕವರಿ ಶಟಲ್ ಮೇಲೆ ಹೋಯಿತು. ಜೋ ಆಲನ್, ಡೇಲ್ ಗಾರ್ಡ್‌ನರ್ ಎಂಬ ಗಗನಯಾನಿಗಳು ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಆಚೆ ಹೋಗಿ, ಎರಡನ್ನೂ ಹಿಡಿದು ತಂದರು. ತಂದಾದ ಮೇಲೆ ಗಾರ್ಡ್‌ನರ್ ‘ಮಾರಾಟಕ್ಕಿದೆ’ ಎಂಬ ಬೋರ್ಡ್ ಹಿಡಿದು ಬಾಹ್ಯಾಕಾಶದಲ್ಲೇ ಫೋಟೋಗೆ ನಿಂತರು.

ಕೊಳ್ಳುವವರು ನಿಜಕ್ಕೂ ಸಿಕ್ಕರು. ವೆಸ್ಟಾರ್-6 ಅನ್ನು ದುರಸ್ತಿ ಮಾಡಿಸಿ, ಏಷ್ಯಾಸ್ಯಾಟ್-1 ಎಂದು ಹೊಸ ಹೆಸರಿಟ್ಟು, 1990ರ ಏಪ್ರಿಲ್‌ನಲ್ಲಿ ಚೀನಾದ ರಾಕೆಟ್ ಮೇಲೆ ಹಾರಿಸಲಾಯಿತು. ಹಾಂಗ್‌ಕಾಂಗ್‌ನಿಂದ 1991ರಲ್ಲಿ ಸ್ಟಾರ್ ಟಿ.ವಿ. ಶುರುವಾಗಿದ್ದು ಇದರ ಮೇಲೆ. 1992ರ ಅಕ್ಟೋಬರ್‌ನಲ್ಲಿ ಝೀ ಟಿ.ವಿ. ಬಂದಿದ್ದೂ ಇದರ ಮೇಲೇ. ನಮ್ಮೂರುಗಳಲ್ಲಿ ಕಂಬದಿಂದ ಕಂಬಕ್ಕೆ ಕೇಬಲ್ ಎಳೆದು, ಮಹಡಿ ಮೇಲೆ ಆಳೆತ್ತರದ ಡಿಶ್ ನಿಲ್ಲಿಸಿ, ದೂರದರ್ಶನ ಬಿಟ್ಟು ಬೇರೆ ಚಾನೆಲ್ ತೋರಿಸಿದ ಕಾಲ ಅದು. ಆಗ ಕ್ರಿಕೆಟ್ಟು, ಧಾರಾವಾಹಿ ಅಂತ ಕೇಬಲ್ ಹಾಕಿಸಿಕೊಂಡವರು ನೋಡಿದ್ದು ಸೆಕೆಂಡ್ ಹ್ಯಾಂಡ್ ಉಪಗ್ರಹದ ಚಾನೆಲ್ಲು.

ಡೋಲಿನ ಕಷ್ಟ ಏನಪ್ಪಾ ಅಂದ್ರೆ, ಅದರ ಮೈಯ ಒಂದು ಭಾಗಕ್ಕೆ ಮಾತ್ರ ಯಾವಾಗಲೂ ಬಿಸಿಲು. ಸುತ್ತಲೂ ಕೋಶ ಅಂಟಿಸಿದ್ದರೂ ಅರ್ಧಕ್ಕರ್ಧ ನೆರಳಿನಲ್ಲೇ. ಹಾಗಾಗಿ ಸಿಗುತ್ತಿದ್ದ ಕರೆಂಟು ಸುಮಾರು 1 ಕಿಲೋವಾಟ್, ಅಂದರೆ ನೀರು ಕಾಯಿಸುವ ಒಂದು ಕಾಯಿಲ್‌ಗೆ ಬೇಕಾಗುವಷ್ಟು. ಚಾನೆಲ್ ಹೆಚ್ಚಾಗಬೇಕು, ನೆಲದ ಮೇಲಿನ ಡಿಶ್ ಚಿಕ್ಕದಾಗಬೇಕು ಅಂದರೆ ಮೇಲಿನಿಂದ ಬರುವ ಸಿಗ್ನಲ್ ಜೋರಾಗಬೇಕು. ಅದಕ್ಕೆ ಕರೆಂಟು ಬೇಕು.

ಅದಕ್ಕೇ ಮುಂದಿನ ಮಾಡೆಲ್ 601 ತಿರುಗುವುದನ್ನು ಬಿಟ್ಟಿತು. ಪೆಟ್ಟಿಗೆಯಂಥ ಮೈ, ಎರಡೂ ಕಡೆ ಉದ್ದನೆಯ ಸೌರ ರೆಕ್ಕೆ. ರೆಕ್ಕೆ ಸೂರ್ಯನ ಕಡೆ ತಿರುಗಿಕೊಳ್ಳುತ್ತದೆ, ಮೈ ಭೂಮಿಯ ಕಡೆ ನಿಂತಿರುತ್ತದೆ. ಮೊದಲ 601 ಹಾರಿದ್ದು 1992ರಲ್ಲಿ. ಅದರ ನಂತರದ 702, 1999ರ ಡಿಸೆಂಬರ್‌ನಲ್ಲಿ ಮೊದಲ ಸಲ ಹಾರಿತು. ಅದರ ದೊಡ್ಡ ರೂಪದಲ್ಲಿ 12 ಕಿಲೋವಾಟ್‌ಗೂ ಮೀರಿ ಕರೆಂಟು ಸಿಗುತ್ತದೆ. 702ಕ್ಕೆ ದೊಡ್ಡದು, ಮಧ್ಯಮ, ಸಣ್ಣದು ಅಂತ ಮೂರು ಅಳತೆ ಬಂದವು: 702 ಎಚ್‌ಪಿ, 702 ಎಂಪಿ, 702 ಎಸ್‌ಪಿ. ಪೇಲೋಡ್ ಎಷ್ಟು ಕರೆಂಟು ತಿನ್ನುತ್ತದೆ ಅನ್ನುವುದರ ಮೇಲೆ ಗಿರಾಕಿ ಅಳತೆ ಆರಿಸಿಕೊಳ್ಳುತ್ತಾನೆ.

ಸರ್ಕಾರ ಕೊಂಡಾಗ ಏನು ಬದಲಾಗುತ್ತದೆ?

601ರ ಗಿರಾಕಿಗಳನ್ನು ನೋಡಿ. ಅಮೆರಿಕದಲ್ಲಿ ಮನೆಮನೆಗೆ ನೇರ ಟಿ.ವಿ. ಕೊಡುವ ಡೈರೆಕ್‌ಟಿ.ವಿ. ಇದನ್ನು ಕೊಂಡಿತು. ಅಮೆರಿಕದ ನೌಕಾಪಡೆ ತನ್ನ ಹಡಗುಗಳ ಮಾತುಕತೆಗೆ ಕೊಂಡಿತು. ನಾಸಾ ತನ್ನ ಬೇರೆ ಉಪಗ್ರಹಗಳ ಮಾಹಿತಿಯನ್ನು ನೆಲಕ್ಕೆ ದಾಟಿಸಲು ಕೊಂಡಿತು. ಹವಾಮಾನ ನೋಡುವ ಗೋಸ್-13, 14, 15 ಕೂಡ ಇದೇ ಚಾಸಿ. 702ರದ್ದೂ ಅದೇ ಕತೆ. ಒಂದು ಕಡೆ ಇಂಟೆಲ್‌ಸ್ಯಾಟ್‌ನಂಥ ವಾಣಿಜ್ಯ ಕಂಪನಿ, ಇನ್ನೊಂದು ಕಡೆ ಅಮೆರಿಕ ಸೇನೆಯ ಡಬ್ಲ್ಯುಜಿಎಸ್ ಸರಣಿ. ಇದರಲ್ಲಿ 2007ರಿಂದ 2019ರವರೆಗೆ 10 ಉಪಗ್ರಹಗಳು ಹಾರಿದವು. ಆರನೆಯದರ ದುಡ್ಡು ಕೊಟ್ಟಿದ್ದು ಆಸ್ಟ್ರೇಲಿಯಾ. ಬದಲಿಗೆ ಆ ದೇಶಕ್ಕೆ ಇಡೀ ಜಾಲದಲ್ಲಿ ಪಾಲು ಸಿಕ್ಕಿತು.

ಹಾಗಾದರೆ ಸೇನೆಯ ಉಪಗ್ರಹ ಬೇರೆ ಆಗುವುದು ಎಲ್ಲಿ? ಮುಖ್ಯವಾಗಿ ಪೇಲೋಡ್‌ನಲ್ಲಿ. ಸೇನೆಗೆ ಮೀಸಲಾದ ಫ್ರೀಕ್ವೆನ್ಸಿಗಳಿವೆ, ಟಿ.ವಿ.ಯವರು ಅದನ್ನು ಮುಟ್ಟುವಂತಿಲ್ಲ. ಯಾರೋ ನೆಲದಿಂದ ಜೋರಾಗಿ ಗದ್ದಲದ ಸಿಗ್ನಲ್ ಕಳಿಸಿ ಕಿವುಡು ಮಾಡಲು ನೋಡಿದರೆ ಆ ದಿಕ್ಕಿಗೆ ಕಿವಿ ಮುಚ್ಚಿಕೊಳ್ಳಬಲ್ಲ ಆಂಟೆನಾ ಬೇಕು. ಉಪಗ್ರಹಕ್ಕೆ ಹೋಗುವ ಆದೇಶಗಳಿಗೆ ಗಟ್ಟಿ ಬೀಗ ಬೇಕು, ಇಲ್ಲವಾದರೆ ಬೇರೆಯವರು ನಡೆಸಿಬಿಡಬಹುದು. ಟಿ.ವಿ. ಉಪಗ್ರಹದ ಸಿಗ್ನಲ್ ಒಂದು ದೇಶದ ಮೇಲೆ ಅಗಲವಾಗಿ ಬಿದ್ದರೆ ಸಾಕು. ಸೇನೆಯದ್ದಕ್ಕೆ ಇವತ್ತು ಒಂದು ಸಮುದ್ರದ ಕಡೆ, ನಾಳೆ ಇನ್ನೊಂದರ ಕಡೆ ತಿರುಗಿಸುವ ಅನುಕೂಲ ಇರಬೇಕು. ಚಾಸಿಯಲ್ಲೂ ಸ್ವಲ್ಪ ಬದಲಾವಣೆ ಇರುತ್ತದೆ, ವಿಕಿರಣ ತಡೆಯುವ ಶಕ್ತಿ ಹೆಚ್ಚಿಸುತ್ತಾರೆ. ಆದರೆ ಮೂಲ ಅದೇ.

ಪೂರ್ತಿ ಉಪಗ್ರಹ ಕೊಳ್ಳದೆಯೂ ಸರ್ಕಾರಗಳು ಕೆಲಸ ಮುಗಿಸಿಕೊಳ್ಳುತ್ತವೆ. 1980ರ ದಶಕದಲ್ಲಿ ಹ್ಯೂಸ್ ಲೀಸ್ಯಾಟ್ ಉಪಗ್ರಹಗಳನ್ನು ತಾನೇ ಇಟ್ಟುಕೊಂಡು ಅಮೆರಿಕದ ನೌಕಾಪಡೆಗೆ ಬಾಡಿಗೆಗೆ ಕೊಟ್ಟಿತ್ತು. ಇನ್ನೊಂದು ದಾರಿ ಪಾಲುದಾರಿಕೆ. 2012ರಲ್ಲಿ ಹಾರಿದ ಇಂಟೆಲ್‌ಸ್ಯಾಟ್-22 ವಾಣಿಜ್ಯ ಉಪಗ್ರಹ, ಚಾಸಿ 702 ಎಂಪಿ. ಅದರ ಒಂದು ಮೂಲೆಯಲ್ಲಿ ಆಸ್ಟ್ರೇಲಿಯಾ ಸೇನೆಯ ಪೇಲೋಡ್ ಕೂತಿದೆ.

ಇದು ದೂರದ ಮಾತು ಅನ್ನಿಸಿದರೆ ಮೈಸೂರಿನ ಯಾವುದೇ ತಾರಸಿ ಹತ್ತಿ. ದೂರದರ್ಶನದ ಫ್ರೀ ಡಿಶ್ ಹಾಕಿಸಿಕೊಂಡ ಮನೆಯ ಡಿಶ್ ಆಗ್ನೇಯಕ್ಕೆ ಮುಖ ಮಾಡಿರುತ್ತದೆ. ನಗರದ ಮಧ್ಯದಿಂದ ನೋಡಿದರೆ ಹೆಚ್ಚುಕಮ್ಮಿ ಚಾಮುಂಡಿ ಬೆಟ್ಟದ ದಿಕ್ಕು, ಆದರೆ ಬೆಟ್ಟಕ್ಕಿಂತ ಎಷ್ಟೋ ಮೇಲೆ, ಸುಮಾರು 65 ಡಿಗ್ರಿ ಎತ್ತರಕ್ಕೆ. ಆ ಗೆರೆಯ ತುದಿಯಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಜಿಸ್ಯಾಟ್-15 ನಿಂತಿದೆ. 2015ರ ನವೆಂಬರ್‌ನಲ್ಲಿ ಹಾರಿದ್ದು, ತೂಕ 3,164 ಕೆ.ಜಿ. ಅದರಲ್ಲಿ ಟಿ.ವಿ.ಗೆ ಬೇಕಾದ ಕೆಯು ಬ್ಯಾಂಡ್ ಎಂಬ ಫ್ರೀಕ್ವೆನ್ಸಿ ಗುಂಪಿನ 24 ಟ್ರಾನ್ಸ್‌ಪಾಂಡರ್‌ಗಳ ಜೊತೆಗೆ ಗಗನ್ ಎಂಬ ಇನ್ನೊಂದು ಪೇಲೋಡ್ ಇದೆ. ಇದು ವಿಮಾನಗಳಿಗೆ. ಜಿಪಿಎಸ್ ಹೇಳುವ ಜಾಗದಲ್ಲಿ ಕೆಲವು ಮೀಟರ್ ಆಚೀಚೆ ಆಗುತ್ತದಲ್ವಾ, ಅದನ್ನು ತಿದ್ದುವ ಮಾಹಿತಿಯನ್ನು ಗಗನ್ ಕಳಿಸುತ್ತದೆ. ಕೆಳಗೆ ಮನೆಯವರು ಧಾರಾವಾಹಿ ನೋಡುತ್ತಿರುವ ಹೊತ್ತಿಗೇ ಅದೇ ಉಪಗ್ರಹ ವಿಮಾನ ಇಳಿಸುವುದಕ್ಕೂ ನೆರವಾಗುತ್ತಿರುತ್ತದೆ.

ಜೋರು ಮಳೆಗೆ ಟಿ.ವಿ. ನಿಲ್ಲುವುದಕ್ಕೂ ಇಲ್ಲೇ ಉತ್ತರ ಇದೆ. ಕೆಯು ಬ್ಯಾಂಡಿನ ಅಲೆಗಳು ಚಿಕ್ಕವು, ಮಳೆ ಹನಿಗಳು ಅವುಗಳ ಶಕ್ತಿ ಹೀರುತ್ತವೆ. ಕೇಬಲ್‌ನವರ ದೊಡ್ಡ ಡಿಶ್ ಬಳಸುವ ಸಿ ಬ್ಯಾಂಡಿಗೆ ಮಳೆಯ ಕಾಟ ಕಮ್ಮಿ. ಚಿಕ್ಕ ಡಿಶ್ ಬೇಕು ಅಂದರೆ ಮಳೆಯ ಕಾಟ ಸಹಿಸಬೇಕು.

ತೂಕದ ಲೆಕ್ಕ

ದೊಡ್ಡ ಉಪಗ್ರಹವೊಂದು ಹಾರುವಾಗ ಅದರ ತೂಕದಲ್ಲಿ ಸುಮಾರು ಅರ್ಧ ಬರೀ ಇಂಧನ. ರಾಕೆಟ್ ಅದನ್ನು ಅರ್ಧ ದಾರಿಗೆ ಬಿಡುತ್ತದೆ, ಮಿಕ್ಕ ಎತ್ತರ ಉಪಗ್ರಹವೇ ಏರಬೇಕು. ಅಷ್ಟು ಇಂಧನ ಹೊರದೆ ಇದ್ದರೆ?

ಅದಕ್ಕೆ ಬಂದಿದ್ದು ಕ್ಸೆನಾನ್ ಎಂಜಿನ್. ಕ್ಸೆನಾನ್ ಅನಿಲದ ಕಣಗಳಿಗೆ ವಿದ್ಯುತ್ ಆವೇಶ ಕೊಟ್ಟು, ಸೌರ ಕರೆಂಟಿನಿಂದ ಭಾರಿ ವೇಗದಲ್ಲಿ ಹಿಂದಕ್ಕೆ ಎಸೆಯುತ್ತದೆ. ಒತ್ತಡ ತೀರಾ ಸಣ್ಣದು, ಅಂಗೈ ಮೇಲೆ ಬಿದ್ದರೆ ಕಷ್ಟಪಟ್ಟು ಗೊತ್ತಾಗುವಷ್ಟು. ಆದರೆ ತಿಂಗಳುಗಟ್ಟಲೆ ಬಿಡದೆ ತಳ್ಳುತ್ತದೆ. 702 ಎಸ್‌ಪಿ ಪೂರ್ತಿ ಇದರ ಮೇಲೇ ನಡೆಯುವ ಚಾಸಿ. 2015ರ ಮಾರ್ಚ್‌ನಲ್ಲಿ ಎಬಿಎಸ್-3ಎ ಮತ್ತು ಯೂಟೆಲ್‌ಸ್ಯಾಟ್ 115 ವೆಸ್ಟ್ ಬಿ ಎಂಬ ಎರಡು ಇಂಥ ಉಪಗ್ರಹಗಳು ಒಂದರ ಮೇಲೊಂದು ಕೂತು ಒಂದೇ ಫಾಲ್ಕನ್-9 ರಾಕೆಟ್‌ನಲ್ಲಿ ಹೋದವು. ತೂಕ ತಲಾ ಸುಮಾರು 2 ಟನ್. ರಾಕೆಟ್ ಬಾಡಿಗೆ ಇಬ್ಬರಿಗೂ ಹಂಚಿಹೋಯಿತು. ಬೆಲೆ ತೆತ್ತಿದ್ದು ಸಮಯದಲ್ಲಿ: ಜಾಗಕ್ಕೆ ಹೋಗಿ ಸೇರಲು ತಿಂಗಳುಗಳೇ ಹಿಡಿದವು. ಮಾಮೂಲಿ ಇಂಧನವಾದರೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ.

ಒಂದೇ ಚಾಸಿ, ಒಂದೇ ರೋಗ

ಮಾಡೆಲ್ ಪದ್ಧತಿಗೆ ಇನ್ನೊಂದು ಮುಖವೂ ಇದೆ. ಚಾಸಿಯಲ್ಲಿ ಒಂದು ದೋಷ ಅಡಗಿದ್ದರೆ ಅದು ಆ ಮಾಡೆಲ್‌ನ ಎಲ್ಲದರ ಜೊತೆಗೂ ಮೇಲಕ್ಕೆ ಹೋಗಿರುತ್ತದೆ. ಲಾರಿಯಾದರೆ ಶೋರೂಮಿಗೆ ವಾಪಸ್ ಕರೆಸಬಹುದು.

1998ರ ಮೇ 19ರಂದು ಗ್ಯಾಲಕ್ಸಿ-4 ಎಂಬ 601 ಉಪಗ್ರಹ ಇದ್ದಕ್ಕಿದ್ದಂತೆ ದಿಕ್ಕು ತಪ್ಪಿತು. ಅಮೆರಿಕದ ಬಹುಪಾಲು ಪೇಜರ್‌ಗಳು ಅದರ ಮೇಲೆ ನಡೆಯುತ್ತಿದ್ದವು. ಡಾಕ್ಟರುಗಳ ಜೇಬಿನ ಪೇಜರ್ ಮೂಕವಾದವು. ಉಪಗ್ರಹವನ್ನು ಆಳುವ ಕಂಪ್ಯೂಟರಿನೊಳಗೆ, ತವರ ಲೇಪಿಸಿದ ಜಾಗದಲ್ಲಿ ಕೂದಲಿಗಿಂತ ತೆಳ್ಳಗಿನ ತವರದ ಎಳೆಗಳು ತಾವಾಗೇ ಬೆಳೆದು ಶಾರ್ಟ್ ಸರ್ಕ್ಯೂಟ್ ಮಾಡಿದ್ದವು. ಜೊತೆಗಿದ್ದ ಎರಡನೇ ಕಂಪ್ಯೂಟರು ಅದಕ್ಕೂ ಮೊದಲೇ ಕೈಕೊಟ್ಟಿತ್ತು. ಮೆಕ್ಸಿಕೋದ ಸಾಲಿಡಾರಿಡಾಡ್-1 ಸೇರಿ ಇನ್ನೂ ಕೆಲವು 601ಗಳು ಕಂಪ್ಯೂಟರ್ ದೋಷಕ್ಕೆ ಬಲಿಯಾದವು. ಆಮೇಲೆ ಮಾಡಿದವುಗಳಲ್ಲಿ ಲೇಪಕ್ಕೆ ತವರದ ಬದಲು ನಿಕ್ಕಲ್ ಬಳಸಿದರು.

702ರ ಆರಂಭದ ಉಪಗ್ರಹಗಳಲ್ಲಿ ತೊಂದರೆ ಬೇರೆ. ಬಿಸಿಲು ಹೆಚ್ಚು ಬೀಳಲಿ ಅಂತ ಸೌರ ರೆಕ್ಕೆಯ ಅಂಚಿಗೆ ಕನ್ನಡಿಯಂಥ ಫಲಕ ಜೋಡಿಸಿದ್ದರು. ಅದರ ಮೇಲೆ ಮಂಜು ಕವಿದ ಹಾಗೆ ಪೊರೆ ಕಟ್ಟಿ ಕರೆಂಟು ವರ್ಷದಿಂದ ವರ್ಷಕ್ಕೆ ಇಳಿಯಿತು. ಕಂಪನಿ ಮುಂದಿನವುಗಳಲ್ಲಿ ಆ ಕನ್ನಡಿಯನ್ನೇ ಕೈಬಿಟ್ಟಿತು. ಇತ್ತೀಚಿನದು ಅಂದರೆ 702 ಎಂಪಿ ಚಾಸಿಯ ಎರಡು ಉಪಗ್ರಹಗಳು. ಎರಡೂ 2016ರಲ್ಲಿ ಹಾರಿದ್ದವು. ಇಂಟೆಲ್‌ಸ್ಯಾಟ್-29ಇ 2019ರ ಏಪ್ರಿಲ್‌ನಲ್ಲಿ ಇಂಧನ ಸೋರಿ ಸತ್ತಿತು. ಇಂಟೆಲ್‌ಸ್ಯಾಟ್-33ಇ 2024ರ ಅಕ್ಟೋಬರ್ 19ರಂದು ಚೂರುಚೂರಾಯಿತು. 15 ವರ್ಷ ಬಾಳಬೇಕಿದ್ದವು ಅವು.

ನಮ್ಮವರ ಪಟ್ಟಿ

ಭಾರತವೂ ಮೊದಲು ಕೊಂಡುಕೊಂಡೇ ಶುರುಮಾಡಿದ್ದು. ಇನ್ಸಾಟ್-1 ಸರಣಿಯ ನಾಲ್ಕೂ ಉಪಗ್ರಹ ಮಾಡಿದ್ದು ಅಮೆರಿಕದ ಫೋರ್ಡ್ ಏರೋಸ್ಪೇಸ್. ಹೌದು, ಕಾರಿನ ಫೋರ್ಡ್ ಕಂಪನಿಯದೇ ಅಂಗಸಂಸ್ಥೆ. 1982ರ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಹೋಯಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ಶಟಲ್‌ನಲ್ಲಿ ಹೋದ ಇನ್ಸಾಟ್-1ಬಿ ಚೆನ್ನಾಗಿ ದುಡಿಯಿತು, ದೇಶದ ಊರೂರಿಗೆ ದೂರದರ್ಶನ ಮುಟ್ಟಿಸಿತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ನಮ್ಮವರು ಕಲಿಯುತ್ತಿದ್ದರು. 1992ರಲ್ಲಿ ಹಾರಿದ ಇನ್ಸಾಟ್-2ಎ ಇಲ್ಲೇ ಕಟ್ಟಿದ್ದು. ಅದನ್ನು ಕಟ್ಟಿದ ಬೆಂಗಳೂರಿನ ಕೇಂದ್ರಕ್ಕೆ ಈಗ ಉಡುಪಿ ಕಡೆಯ ಯು.ಆರ್. ರಾವ್ ಅವರ ಹೆಸರಿದೆ.

ಇಸ್ರೋದ ಚಾಸಿಗಳ ಹೆಸರು ನೇರ. ಐ-1ಕೆ ಅಂದರೆ ಸುಮಾರು 1,000 ಕೆ.ಜಿ. ವರ್ಗ, ಐ-2ಕೆ, ಐ-3ಕೆ ಹಾಗೇ ಮುಂದೆ. ಐ-6ಕೆ ಎಲ್ಲಕ್ಕಿಂತ ದೊಡ್ಡದು. 5,854 ಕೆ.ಜಿ.ಯ ಜಿಸ್ಯಾಟ್-11 ಅದರ ಮೇಲೆ ಕಟ್ಟಿದ್ದು, 2018ರ ಡಿಸೆಂಬರ್‌ನಲ್ಲಿ ಹೋಯಿತು.

ಐ-2ಕೆ ಒಂದನ್ನೇ ನೋಡಿದರೂ ಚಿತ್ರ ಸ್ಪಷ್ಟವಾಗುತ್ತದೆ. ವಾಯುಪಡೆಗೆಂದು ಹೇಳಲಾಗುವ ಜಿಸ್ಯಾಟ್-7ಎ ಇದರ ಮೇಲಿದೆ. ನೆರೆಯ ದೇಶಗಳಿಗೆ ಉಡುಗೊರೆಯಾಗಿ 2017ರಲ್ಲಿ ಕಳಿಸಿದ ಜಿಸ್ಯಾಟ್-9 ಇದರ ಮೇಲಿದೆ. ದಾರಿ ತೋರಿಸುವ ನಾವಿಕ್ ಜಾಲದ ಎನ್‌ವಿಎಸ್-01 ಇದರ ಮೇಲೇ. ಬ್ರಿಟನ್ನಿನ ಅವಂತಿ ಕಂಪನಿಯ ಇಂಟರ್ನೆಟ್ ಉಪಗ್ರಹ ಹೈಲಾಸ್-1 ಕೂಡ. ಯುರೋಪಿನ ಕಂಪನಿಯ ಜೊತೆ ಸೇರಿ ಇಸ್ರೋ ಅದನ್ನು ಮಾಡಿಕೊಟ್ಟಿದ್ದು, 2010ರಲ್ಲಿ ಹಾರಿತು. ಅದಕ್ಕೂ ಮೊದಲು ಇದೇ ಜೋಡಿ ಐ-3ಕೆ ಮೇಲೆ ಮಾಡಿ 2008ರಲ್ಲಿ ಕಳಿಸಿದ ಡಬ್ಲ್ಯು2ಎಂ ಮಾತ್ರ ಕರೆಂಟಿನ ತೊಂದರೆಯಿಂದ ಗಿರಾಕಿಯ ಕೈಗೆ ಸರಿಯಾಗಿ ಸೇರಲಿಲ್ಲ.

ಮಂಗಳಯಾನದ ಕತೆ ಇನ್ನೂ ಚೆಂದ. 2012ರ ಆಗಸ್ಟ್‌ನಲ್ಲಿ ಘೋಷಣೆ, 2013ರ ನವೆಂಬರ್ 5ಕ್ಕೆ ಉಡಾವಣೆ. ಅಷ್ಟು ಬೇಗ ಹೇಗೆ ಸಾಧ್ಯವಾಯಿತು ಅಂದರೆ, ಐ-1ಕೆ ಚಾಸಿಯನ್ನೇ ಸ್ವಲ್ಪ ಬದಲಿಸಿಕೊಂಡರು. ಚಂದ್ರಯಾನ-1ರಲ್ಲಿ ಪರೀಕ್ಷೆಯಾಗಿದ್ದ ಕುಟುಂಬವದು.

ಈಗ ವ್ಯವಹಾರದ ರೀತಿ ಬದಲಾಗಿದೆ. ಮೊದಲು ಸರ್ಕಾರ ಉಪಗ್ರಹ ಹಾರಿಸಿ, ಆಮೇಲೆ ಬಾಡಿಗೆದಾರರನ್ನು ಹುಡುಕುತ್ತಿತ್ತು. ಈಗ ಇಸ್ರೋದ ವಾಣಿಜ್ಯ ಅಂಗ ಎನ್‌ಎಸ್‌ಐಎಲ್ ಮೊದಲು ಗಿರಾಕಿಯನ್ನು ಗಟ್ಟಿ ಮಾಡಿಕೊಳ್ಳುತ್ತದೆ. 2022ರ ಜೂನ್‌ನಲ್ಲಿ ಹಾರಿದ 4,180 ಕೆ.ಜಿ.ಯ ಜಿಸ್ಯಾಟ್-24 ಹಾಗೆ ಬಂದ ಮೊದಲನೆಯದು. ಅದರ ಪೂರ್ತಿ ಸಾಮರ್ಥ್ಯವನ್ನು ಟಾಟಾ ಪ್ಲೇ ಬಾಡಿಗೆಗೆ ಹಿಡಿದಿದೆ. 2024ರ ನವೆಂಬರ್‌ನಲ್ಲಿ ಹೋದ ಜಿಸ್ಯಾಟ್-ಎನ್2 ಇಂಟರ್ನೆಟ್‌ಗೆ. ಸೆಕೆಂಡಿಗೆ 48 ಗಿಗಾಬಿಟ್ ಸಾಗಿಸುವ ಶಕ್ತಿ, 4,700 ಕೆ.ಜಿ. ತೂಕ. ನಮ್ಮ ಎಲ್‌ವಿಎಂ-3 ರಾಕೆಟ್‌ಗೆ ಮಾಮೂಲಿ ಕಕ್ಷೆಗೆ ಸುಮಾರು 4 ಟನ್ ಮಿತಿ ಇದ್ದುದರಿಂದ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ಹಿಡಿಯಬೇಕಾಯಿತು.

ಮಾರಿದ ಮೇಲೆ ಓಡಿಸುವವರು ಯಾರು?

ವಿದೇಶಿ ಕಂಪನಿಗಳು ಸಾಮಾನ್ಯವಾಗಿ ಉಪಗ್ರಹವನ್ನು ಅದರ ಜಾಗಕ್ಕೆ ಮುಟ್ಟಿಸಿ, ಎಲ್ಲ ಸರಿಯಿದೆ ಅಂತ ತೋರಿಸಿ, ಆಮೇಲೆ ಕೀಲಿಕೈ ಕೊಡುತ್ತವೆ. ನಮ್ಮ ಉಪಗ್ರಹಗಳಿಗೆ ಆ ಕೆಲಸ ನಡೆಯುವುದು ಹಾಸನದಲ್ಲಿ. ಮೈಸೂರಿನಿಂದ ಹೊಳೆನರಸೀಪುರದ ಮೇಲೆ ರೈಲು ಹತ್ತಿದರೆ ಸಿಗುವ ಅದೇ ಹಾಸನ. ಸಾಲಗಾಮೆ ರಸ್ತೆಯಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದಲೂ ಈ ಕೆಲಸದಲ್ಲಿದೆ. ಉಪಗ್ರಹ ತಾನಾಗಿ ನಿಂತಲ್ಲಿ ನಿಲ್ಲುವುದಿಲ್ಲ. ಸೂರ್ಯ, ಚಂದ್ರ ಎಳೆಯುತ್ತಿರುತ್ತಾರೆ. ಅದಕ್ಕೇ ಆಗಾಗ ಎಂಜಿನ್ ಉರಿಸಿ ಮತ್ತೆ ಜಾಗಕ್ಕೆ ತಂದು ನಿಲ್ಲಿಸಬೇಕು.

ಹೀಗೆ ನಿಲ್ಲಿಸುವ ಇಂಧನ ತೀರುತ್ತಾ ಬಂದಾಗ ಉಪಗ್ರಹದ ಆಯುಸ್ಸು ಮುಗಿಯಿತು ಅಂತ ಲೆಕ್ಕ. ಉಪಕರಣಗಳು ಗಟ್ಟಿಯಾಗಿದ್ದರೂ ಅಷ್ಟೇ. ಕೊನೆಯ ಸ್ವಲ್ಪ ಇಂಧನವನ್ನು ಅದನ್ನು ಇನ್ನೂ ಮೇಲಕ್ಕೆ ತಳ್ಳಲು ಉಳಿಸಿಕೊಳ್ಳುತ್ತಾರೆ, ಬೇರೆಯವುಗಳ ದಾರಿಗೆ ಅಡ್ಡ ಬರಬಾರದು ಅಂತ. ಫ್ರೀ ಡಿಶ್‌ಗೆ ಜಿಸ್ಯಾಟ್-15ಕ್ಕಿಂತ ಮೊದಲು ದುಡಿದದ್ದು ಇನ್ಸಾಟ್-4ಬಿ, 2007ರಲ್ಲಿ ಹಾರಿದ್ದು. 2010ರಲ್ಲಿ ಸೌರಫಲಕ ಕೆಟ್ಟು ಅದರ ಅರ್ಧ ಟ್ರಾನ್ಸ್‌ಪಾಂಡರ್ ನಿಲ್ಲಿಸಬೇಕಾಗಿ ಬಂದಿತ್ತು. 2022ರ ಜನವರಿಯಲ್ಲಿ ಅದನ್ನು ಸುಮಾರು 340 ಕಿಲೋಮೀಟರ್ ಮೇಲಕ್ಕೆ ಒಯ್ದು, ಉಳಿದ ಇಂಧನ ಖಾಲಿ ಮಾಡಿ, ಸ್ವಿಚ್ ಆಫ್ ಮಾಡಿದರು. ಜಿಸ್ಯಾಟ್-15ಕ್ಕೆ ಇಟ್ಟುಕೊಂಡಿದ್ದ ಆಯುಸ್ಸು 12 ವರ್ಷ. ಆ ಲೆಕ್ಕದಲ್ಲಿ ಅದರ ಅವಧಿ 2027ಕ್ಕೆ ಮುಗಿಯುತ್ತದೆ.